ಆನರ್ ಹ್ಯಾರಿಂಗ್ಟನ್ ಸರಣಿ ಓದಿದವರು ಹೇಳಿ: ಮುಂದುವರಿಸಲಾ, ಬಿಡಲಾ?

ಕೇಳಿದ್ದು:
ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಯಲ್ಲಿ ಈ ಸರಣಿಯ ಮೊದಲ ಪುಸ್ತಕ, ಡೇವಿಡ್ ವೆಬರ್ ಬರೆದ ‘ಆನ್ ಬ್ಯಾಸಿಲಿಸ್ಕ್ ಸ್ಟೇಷನ್’ ಸಿಕ್ಕಿತು. ಬಾಹ್ಯಾಕಾಶದ ಯುದ್ಧ ಅಂದುಕೊಂಡು ತೆರೆದರೆ ಶುರುವಿನಲ್ಲೇ ಯಾವುದೋ ಸರ್ಕಾರದ ಖಜಾನೆ ಖಾಲಿಯಾದ ಬಗ್ಗೆ ಮೀಟಿಂಗ್. 60 ಪುಟ ಮುಗಿಸಿದೆ, ನಿಜವಾದ ಯುದ್ಧದ ಸುಳಿವೇ ಇಲ್ಲ. ಮುಖ್ಯ ಕಥೆಯೇ 14 ಪುಸ್ತಕ ಇದೆಯಂತೆ. ನೀವೆಲ್ಲ ಎಲ್ಲಿಯವರೆಗೆ ಓದಿದಿರಿ? ಎಲ್ಲಿ ಕೈಬಿಟ್ಟಿರಿ? ಕಥೆ ಮಾತ್ರ ಪೂರ್ತಿ ಹೇಳಿಬಿಡಬೇಡಿ.

ಮೊದಲ ಉತ್ತರ:
ನಾನೂ ಅದೇ ಜಾಗದಲ್ಲಿ ಎರಡು ಸಲ ಬಿಟ್ಟಿದ್ದೆ. ಮೂರನೇ ಸಲ ರಜೆಯಲ್ಲಿ ಹಟ ಹಿಡಿದು ದಾಟಿದೆ. ಖಜಾನೆ ಮೀಟಿಂಗ್ ಮರೆತುಬಿಡಿ, ನಾಯಕಿ ಆನರ್‌ಳ ಹಡಗನ್ನು ನೋಡಿ. ಒಳ್ಳೆ ಆಯುಧಗಳನ್ನೆಲ್ಲ ಕಿತ್ತು ಹೊಸದೊಂದನ್ನು ಕೂರಿಸಿದ್ದಾರೆ. ಅದೋ, ಶತ್ರುವಿನ ಮೂಗಿನ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಅಣಕು ಯುದ್ಧದಲ್ಲಿ ಒಂದು ಸಲ ಅದರಿಂದಲೇ ಗೆಲ್ಲುತ್ತಾಳೆ. ಆಮೇಲೆ ಎಲ್ಲರೂ ಅವಳನ್ನೇ ಹುಡುಕಿ ಹೊಡೆಯುತ್ತಾರೆ. ಆಯುಧ ಕೂರಿಸಿದ ದೊಡ್ಡವರಿಗೆ ಮುಜುಗರ, ಶಿಕ್ಷೆ ಮಾತ್ರ ಇವಳಿಗೆ. ಯಾರಿಗೂ ಬೇಡದ ಮೂಲೆಗೆ ವರ್ಗ. ಸರ್ಕಾರಿ ನೌಕರಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅಲ್ಲಿ ಅವಳು ಮಾಡುವುದು ಏನು ಗೊತ್ತಾ, ಕಸ್ಟಮ್ಸ್ ತಪಾಸಣೆ! ಮುಖ ಊದಿಸಿಕೊಂಡ ಸಿಬ್ಬಂದಿ ನಿಧಾನಕ್ಕೆ ಮೈಕೊಡವಿ ಏಳುವುದನ್ನು ನೋಡುವುದೇ ಖುಷಿ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದದ್ದು ಕ್ಷಿಪಣಿಗಳಲ್ಲ, ಇದೇ.

ಎರಡನೆಯದು:
ಓದಿ. ಆದರೆ ಕೊನೆಯಲ್ಲಿ ಒಂದು ಬೆನ್ನಟ್ಟುವ ದೃಶ್ಯ ಬರುತ್ತದೆ. ಎದೆ ಡವಡವ ಅನ್ನುವ ಹೊತ್ತಿಗೆ ಲೇಖಕರು ಕಥೆ ನಿಲ್ಲಿಸಿ, ಹೈಪರ್‌ಸ್ಪೇಸ್ ಪ್ರಯಾಣ, ಅಂದರೆ ಬೆಳಕಿಗಿಂತ ವೇಗವಾಗಿ ಹೋಗುವ ವಿದ್ಯೆ, ಹೇಗೆ ಬೆಳೆಯಿತು ಅಂತ ಪುಟಗಟ್ಟಲೆ ಪಾಠ ಮಾಡುತ್ತಾರೆ. ಯಕ್ಷಗಾನದಲ್ಲಿ ಅರ್ಜುನ ಬಿಲ್ಲೆತ್ತಿದ ಮೇಲೆ ಭಾಗವತರು ಬಿದಿರು ಎಲ್ಲಿ ಸಿಗುತ್ತದೆ ಅಂತ ವಿವರಿಸಿದ ಹಾಗೆ. ಈ ಸರಣಿಯ ಅಭಿಮಾನಿಗಳು ಸೇರಿದಲ್ಲೆಲ್ಲ ಈ ಪುಟಗಳ ತಮಾಷೆ ಇದ್ದದ್ದೇ. ನಾನು ಸುಮ್ನೆ ಹಾರಿಸಿದೆ. ಏನೂ ನಷ್ಟವಾಗಲಿಲ್ಲ.

ಕಾರವಾರದಿಂದ:
ನಷ್ಟ ಆಗಿದೆ ಸ್ವಾಮಿ! ನಾನು ನೌಕಾಪಡೆಯಲ್ಲಿ ಇದ್ದವನು, ಆ ಪಾಠಗಳಿಗಾಗಿಯೇ ಓದಿದೆ. ಈ ಹಡಗುಗಳಿಗೆ ಮೇಲೊಂದು, ಕೆಳಗೊಂದು ಗುರುತ್ವದ ಹಾಳೆ ಇರುತ್ತದೆ. ಅದನ್ನು ಯಾವ ಆಯುಧವೂ ಸೀಳಲಾರದು. ಎರಡು ಪಕ್ಕಕ್ಕೂ ಗೋಡೆ ಇದೆ, ಆದರೆ ಅಷ್ಟು ಗಟ್ಟಿಯಲ್ಲ. ಮುಂದೆ, ಹಿಂದೆ ಬಾಗಿಲೇ ಇಲ್ಲ, ಬಟಾಬಯಲು. ಹಾಗಾಗಿ ಹಳೇ ಕಾಲದ ಹಾಯಿಹಡಗುಗಳ ಹಾಗೆ ಪಕ್ಕಕ್ಕೆ ಪಕ್ಕ ನಿಂತು ಹೊಡೆದಾಡಬೇಕು. ಶತ್ರುವಿನ ಮೂತಿಯ ಮುಂದೆ ಅಡ್ಡ ಹಾದು ಹೋದವನು ಗೆದ್ದ. ಇದು ಒಂದು ಸಲ ತಲೆಗೆ ಹೋದರೆ ಮುಂದಿನ ಪ್ರತಿ ಯುದ್ಧವೂ ಚದುರಂಗದ ಹಾಗೆ ಕಾಣುತ್ತದೆ. ವೆಬರ್ ಮೊದಲ ಪುಸ್ತಕವನ್ನು ಅರ್ಪಿಸಿರುವುದು ಹಾಯಿಹಡಗಿನ ಕಾಲದ ನೌಕಾಧಿಕಾರಿ ಹಾರ್ನ್‌ಬ್ಲೋವರ್‌ನ ಕಥೆಗಳನ್ನು ಬರೆದ ಸಿ. ಎಸ್. ಫಾರೆಸ್ಟರ್ ಅವರಿಗೆ. ನಾಯಕಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೂ (H. H.) ಹೊರೇಷಿಯೋ ಹಾರ್ನ್‌ಬ್ಲೋವರ್‌ನವೇ, ಗಮನಿಸಿ.

ಒಂದು ದೂರು ನನ್ನದೂ ಇದೆ. ಆನರ್ ತಪ್ಪು ಮಾಡುವುದು ತೀರಾ ಕಡಿಮೆ. ಅವಳನ್ನು ಕಂಡರಾಗದವರು ಹೆಚ್ಚುಕಡಿಮೆ ಎಲ್ಲರೂ ಹೇಡಿಗಳು ಇಲ್ಲವೇ ದುಷ್ಟರು. ನಾನು ಕಂಡ ಕಮಾಂಡರ್‌ಗಳು ಹಾಗಿರಲಿಲ್ಲ. ಒಳ್ಳೆಯವರೇ ಒಬ್ಬರಿಗೊಬ್ಬರು ಆಗದೆ ಇರುತ್ತಿದ್ದರು.

ಇನ್ನೊಬ್ಬರು:
ಮೊದಲನೆಯದು ಎಳೆದರೆ ಎರಡನೆಯದಕ್ಕೇ ಹೋಗಿ, ‘ದಿ ಆನರ್ ಆಫ್ ದ ಕ್ವೀನ್’. ಎರಡೂ 1993ರಲ್ಲೇ ಬಂದವು. ಆನರ್‌ಳ ದೇಶದಲ್ಲಿ ಹೆಣ್ಣು ಕ್ಯಾಪ್ಟನ್ ಆಗಿದ್ದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಆದರೆ ಈ ಕಥೆ ನಡೆಯುವುದು ಗ್ರೇಸನ್ ಅನ್ನೋ ಗ್ರಹದಲ್ಲಿ. ಅಲ್ಲಿ ಒಬ್ಬ ಗಂಡಸಿಗೆ ಮೂವರು ಹೆಂಗಸರ ಲೆಕ್ಕ, ಆದರೂ ಯಜಮಾನಿಕೆ ಗಂಡಸರದ್ದೇ. ಸಮವಸ್ತ್ರದಲ್ಲಿ ಹೆಣ್ಣನ್ನು ನೋಡಿ ಅವರು ತಡಬಡಾಯಿಸುವ ರೀತಿ ನನ್ನ ಸೋದರಮಾವಂದಿರನ್ನು ನೆನಪಿಸಿತು. ಆದರೆ ಅವರನ್ನು ಬರೀ ವಿಲನ್ ಮಾಡಿಲ್ಲ, ಬದಲಾಗಲು ಬಿಟ್ಟಿದ್ದಾರೆ. ಕಾರವಾರದವರ ದೂರಿಗೆ ಇಲ್ಲಿ ಅರ್ಧ ಉತ್ತರ ಇದೆ.

ಅಂದ ಹಾಗೆ, ಮೂರನೇ ಪುಸ್ತಕದಲ್ಲಿ ರಾಬ್ ಎಸ್. ಪಿಯರ್ ಅಂತ ಒಬ್ಬ ಬರುತ್ತಾನೆ. ಹೆಸರನ್ನು ಬೇಗ ಬೇಗ ಹೇಳಿ ನೋಡಿ. ಫ್ರಾನ್ಸ್ ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಬಗ್ಗೆ ಓದಿದವರು ನಗುತ್ತಾರೆ, ಇಲ್ಲಾಂದ್ರೆ ಹಣೆ ಚಚ್ಚಿಕೊಳ್ಳುತ್ತಾರೆ. ನಾನು ಎರಡನ್ನೂ ಮಾಡಿದೆ.

ಮೈಸೂರಿನಿಂದ:
ನಾನು ನಿಂತಿದ್ದು ಹತ್ತನೆಯದರಲ್ಲಿ, ‘ವಾರ್ ಆಫ್ ಆನರ್’. ದಪ್ಪ ಇಟ್ಟಿಗೆ. ಮಂತ್ರಿಗಳು ಕೂತು ಮಾತಾಡುತ್ತಾರೆ, ಎದ್ದು ಹೋಗುತ್ತಾರೆ, ಬೇರೆ ಕೋಣೆಯಲ್ಲಿ ಬೇರೆಯವರು ಅದನ್ನೇ ಮಾತಾಡುತ್ತಾರೆ. ಆಮೇಲೆ ಇದೇ ಲೋಕದ ಪಕ್ಕದ ಸರಣಿಗಳು ಸೇರಿಕೊಂಡವಂತೆ. ಒಂದು ಪುಸ್ತಕದಲ್ಲಿ ಓದಿದ ದೃಶ್ಯವೇ ಇನ್ನೊಂದರಲ್ಲಿ ಮತ್ತೆ ಬರುತ್ತದಂತೆ. ಮೊದಮೊದಲು ಒಂದೊಂದು ಕ್ಷಿಪಣಿಗೂ ಉಸಿರು ಬಿಗಿಹಿಡಿದು ಕಾದಿದ್ದೆ. ಕೊನೆಕೊನೆಗೆ ಸಾವಿರಗಟ್ಟಲೆ ಹಾರುತ್ತವೆ, ಓದುವವರಿಗೆ ಬರೀ ಅಂಕಿ. ‘ಎಕೋಸ್ ಆಫ್ ಆನರ್’, ಅಂದರೆ ಎಂಟನೆಯದರವರೆಗೆ ಕಣ್ಣುಮುಚ್ಚಿ ಓದಬಹುದು. ಏಳನೆಯದನ್ನು ಮುಗಿಸುವಾಗ ಎಂಟನೆಯದು ಕೈಯಲ್ಲಿರಲಿ. ನನ್ನ ಹತ್ತಿರ ಇರಲಿಲ್ಲ, ಆನ್‌ಲೈನಲ್ಲಿ ತರಿಸಿದರೆ ಬೇರೆ ಯಾವುದೋ ಅಡುಗೆ ಪುಸ್ತಕ ಬಂತು. ಬದಲಾಯಿಸಿ ಕೊಡುವ ತನಕ ನಿದ್ದೆ ಇಲ್ಲ.

ಅವರಿಗೇ ಮೊದಲನೆಯವರು:
ಹನ್ನೊಂದನೆಯದು ಓದಲೇ ಇಲ್ವಾ? ಅಯ್ಯೋ. 14ನೇ ಪುಸ್ತಕದ ಹೆಸರಲ್ಲೂ ಆನರ್ ಇರುವುದರಿಂದ ಇದು ಗುಟ್ಟೇನಲ್ಲ: ವೆಬರ್ ಹನ್ನೊಂದರಲ್ಲಿ ಅವಳನ್ನು ಸಾಯಿಸಬೇಕು ಅಂದುಕೊಂಡಿದ್ದರು. ಕಥೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಯೋಜನೆ. ಎರಿಕ್ ಫ್ಲಿಂಟ್ ಜೊತೆ ಬರೆದ ಪಕ್ಕದ ಕಥೆಯಿಂದ ಕಾಲಕ್ರಮವೇ ಮುಂಚೆ ಸರಿಯಿತು, ಅವಳು ಉಳಿದುಕೊಂಡಳು. ಸತ್ತಿದ್ದರೆ ಸರಣಿ ಚೆನ್ನಾಗಿರುತ್ತಿತ್ತು ಅನ್ನುವವರು ಇದ್ದಾರೆ. ನಾನು ಆ ಪಾರ್ಟಿ ಅಲ್ಲ.

ಚಿಕ್ಕ ಮಾತು, ಕಾರವಾರದವರಿಗೆ:
ನಿಮ್ಮಂಥ ಓದುಗರೇ ಹಡಗಿನ ಉದ್ದ, ತೂಕ ಇಟ್ಟುಕೊಂಡು ಲೆಕ್ಕ ಹಾಕಿದ್ದು. ದೊಡ್ಡ ಯುದ್ಧನೌಕೆಗಳು ಹೊಗೆಯಷ್ಟು ಹಗುರ ಅಂತ ಉತ್ತರ ಬಂತು! ಕೊನೆಗೆ ಅಳತೆಗಳನ್ನೇ ಕಡಿಮೆ ಮಾಡಬೇಕಾಯಿತು.

ಕೇಳಿದವರು ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕಸ್ಟಮ್ಸ್ ತಪಾಸಣೆಗೆ ಬಂದೆ, ಎರಡು ಗಂಟೆಯವರೆಗೆ ಕೂತು ಓದಿದೆ. ಆನರ್‌ಳ ಹೆಗಲ ಮೇಲೆ ಕೂರುವ ಆ ಆರು ಕಾಲಿನ, ಬೆಕ್ಕಿನಂಥ, ಸೆಲರಿ ಅಂದರೆ ಪ್ರಾಣ ಬಿಡುವ ನಿಮಿಟ್ಜ್ ಬಗ್ಗೆ ಯಾಕೆ ಯಾರೂ ಹೇಳಲಿಲ್ಲ? ಮಗಳಿಗೆ ಕಥೆ ಹೇಳಿದೆ, ಈಗ ನಮ್ಮನೆ ಬೆಕ್ಕಿಗೆ ಸೆಲರಿ ತಿನ್ನಿಸಲು ನೋಡುತ್ತಿದ್ದಾಳೆ. ಆ ಹೈಪರ್‌ಸ್ಪೇಸ್ ಪಾಠ ಎಲ್ಲಿದೆ ಅಂತ ಕೊನೆಯ ಪುಟಗಳನ್ನು ತಿರುವಿದೆ. ಹುಡುಕಬೇಕಾಗಲಿಲ್ಲ. ಪುಸ್ತಕದ ಹಳೇ ಮಾಲೀಕರು ಪಾಠ ಶುರುವಾಗುವಲ್ಲಿ ಒಂದು ಮೂಲೆ ಮಡಚಿದ್ದಾರೆ, ಮುಗಿಯುವಲ್ಲಿ ಇನ್ನೊಂದು.