ಡಿಟೆಕ್ಟರ್ ತೋರಿಸುವ ಆಳವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬ್ರಹ್ಮಾವರದ ಬಳಿ ನಮ್ಮ ಹಳೆಯ ಮನೆಯನ್ನು ಕೆಡವಿದ ಜಾಗದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದೇನೆ. ಮೊದಲ ದಿನ ಯಂತ್ರವು 5 ಇಂಚು ಎಂದು ತೋರಿಸಿದಲ್ಲಿ ಅಷ್ಟೇ ಆಳದಲ್ಲಿ ಒಂದು ಕಾಲಾಣೆ ಸಿಕ್ಕಿತು. ಮರುದಿನ ಬಾವಿಕಟ್ಟೆಯ ಪಕ್ಕದಲ್ಲಿ 4 ಇಂಚು ಎಂದದ್ದನ್ನು ನಂಬಿ ಅಗೆದರೆ, ಒಂದಡಿ ಇಳಿದ ಮೇಲೆ ಕೈಗೆ ಬಂದದ್ದು ಒಡೆದ ತಾಮ್ರದ ಕೊಡದ ಕಂಠ. ಯಂತ್ರ ಕೆಟ್ಟಿದೆಯೇ ಅಥವಾ ಆ ಅಂಕಿಯೇ ಹಾಗೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮಣಿಪಾಲದಿಂದ:

ಯಂತ್ರ ಕೆಟ್ಟಿಲ್ಲ. ಅದು ಆಳವನ್ನು ಅಳೆಯುವುದೇ ಇಲ್ಲ. ಮರಳಿ ಬಂದ ಸಂಕೇತದ ಬಲವನ್ನು ನೋಡಿ, ಕೆಳಗಿರುವುದು ಇಂತಿಷ್ಟು ದೊಡ್ಡ ನಾಣ್ಯವೆಂದು ತಾನೇ ಭಾವಿಸಿಕೊಂಡು, ಹಾಗಿದ್ದರೆ ಅದು ಎಷ್ಟು ದೂರದಲ್ಲಿರಬೇಕು ಎಂದು ಹೇಳುತ್ತದೆ. ಅಮೆರಿಕದ ತಯಾರಕರು ಸಾಮಾನ್ಯವಾಗಿ ತಮ್ಮ ಕ್ವಾರ್ಟರ್ ನಾಣ್ಯವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದರ ಅಗಲ 24 ಮಿಲಿಮೀಟರಿಗಿಂತ ತುಸು ಹೆಚ್ಚು, ನಮ್ಮ ಬ್ರಿಟಿಷರ ಕಾಲದ ಕಾಲಾಣೆಯದು ಸುಮಾರು 25. ನಿಮ್ಮ ಮೊದಲ ದಿನದ ಲೆಕ್ಕ ಸರಿಹೋದದ್ದು ಈ ಹೋಲಿಕೆಯಿಂದ.

ಯಂತ್ರದ ತುದಿಯಲ್ಲಿರುವ ತಂತಿಯ ಸುರುಳಿಯಿಂದ (ಕಾಯಿಲ್) ಹೊರಟ ಕಾಂತಕ್ಷೇತ್ರವು ಹೋಗುವಾಗ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ನಾಣ್ಯದಿಂದ ಮರಳುವಾಗ ಮತ್ತೊಮ್ಮೆ ಅಷ್ಟೇ ಕುಗ್ಗುತ್ತದೆ. ಹೀಗಾಗಿ ನಾಣ್ಯವು ಸುರುಳಿಯಿಂದ ಸಾಕಷ್ಟು ದೂರವಿದ್ದಾಗ ಆಳ ಇಮ್ಮಡಿಯಾದರೆ ಸಂಕೇತವು ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದರಿಂದ ಒಂದು ಲಾಭವೂ ಇದೆ: ಸಂಕೇತದಲ್ಲಿ ದೊಡ್ಡ ತಪ್ಪಾದರೂ ಆಳದ ಅಂಕಿಯಲ್ಲಿ ಆಗುವ ತಪ್ಪು ಸಣ್ಣದು. ಬೆಳ್ಳಿಯ ಎರಡಾಣೆಯ ಅಗಲ ಬೆಳ್ಳಿ ರೂಪಾಯಿಯ ಅಗಲದ ಸುಮಾರು ಅರ್ಧ. ನನ್ನ ಹಿತ್ತಿಲಿನಲ್ಲಿ ಎರಡನ್ನೂ 4 ಇಂಚು ಆಳದಲ್ಲಿ ಮಲಗಿಸಿ ಹೂತು ನೋಡಿದಾಗ ರೂಪಾಯಿಗೆ ಮೂರೂವರೆ, ಎರಡಾಣೆಗೆ 5 ಎಂದು ಬಂತು. ನಾಣ್ಯಗಳ ಮಟ್ಟಿಗೆ ಇಷ್ಟು ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು. ಕೊಡದ ಕಂಠದಂತಹ ದೊಡ್ಡ ವಸ್ತುವಿಗೆ ಮಾತ್ರ ಅಂಕಿ ನಿಜವಾದ ಆಳದ ಮೂರರಲ್ಲಿ ಒಂದು ಪಾಲಾಗಿಬಿಡುತ್ತದೆ. ಅದೇ ಎರಡಾಣೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹೂತಾಗ ಅಂಕಿ ಒಂದು ಕ್ಷಣ 7, ಮರುಕ್ಷಣ 8 ಎಂದು ಕುಣಿಯತೊಡಗಿತು.

ನಮ್ಮ ಮುರಕಲ್ಲಿನ ಮಣ್ಣಿನ ಪಾತ್ರವನ್ನೂ ಮರೆಯುವಂತಿಲ್ಲ. ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳೇ ಯಂತ್ರಕ್ಕೆ ಉತ್ತರ ಕೊಡುವುದರಿಂದ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸಂಕೇತವನ್ನು ಕಳೆದುಬಿಡುವಂತೆ ಯಂತ್ರವನ್ನು ಹೊಂದಿಸುವುದು) ಸರಿಯಾಗಿ ಮಾಡಿಕೊಳ್ಳದಿದ್ದರೆ ಆಳದ ನಾಣ್ಯದ ಕ್ಷೀಣ ಸಂಕೇತವು ಮಣ್ಣಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನನ್ನ ಯಂತ್ರದಲ್ಲಿ 3ರಿಂದ 6 ಇಂಚಿನವರೆಗೆ ಕಾಲಾಣೆಯ ಲೆಕ್ಕ ಒಂದಿಂಚಿನೊಳಗೆ ಸರಿಹೊಂದುತ್ತದೆ, 8ರ ನಂತರ ಬರುವ ಅಂಕಿಯನ್ನು ನಾನು ಓದುವುದೇ ಇಲ್ಲ. ಓದುವಾಗಲೂ ಬೀಸುತ್ತಾ ಓದಬೇಡಿ. ಬೀಸದೆಯೇ ಗುರಿಯ ಜಾಗವನ್ನು ತೋರಿಸುವ ಪಿನ್‌ಪಾಯಿಂಟ್ ಗುಂಡಿಯನ್ನು ಒತ್ತಿ, ಸುರುಳಿಯ ನಡುಭಾಗವನ್ನು ಗುರಿಯ ನೆತ್ತಿಯ ಮೇಲೆ ನಿಲ್ಲಿಸಿ ಓದಿರಿ.

ದೊಡ್ಡ ವಸ್ತುವನ್ನು ಮೊದಲೇ ಗುರುತಿಸುವ ಉಪಾಯವೊಂದಿದೆ. ಸುರುಳಿಯನ್ನು ನೆಲಕ್ಕೆ ತಾಗಿಸಿ ಅಂಕಿಯನ್ನು ನೋಡಿಕೊಳ್ಳಿ; ಬಳಿಕ ಲೋಹವಿಲ್ಲದ, 4 ಇಂಚು ದಪ್ಪದ ಮರದ ತುಂಡೊಂದರ ಮೇಲೆ ಅದನ್ನಿಟ್ಟು ಮತ್ತೆ ನೋಡಿ. ಅಂಕಿ ಸರಿಯಾಗಿ 4 ಹೆಚ್ಚಿದರೆ ಯಂತ್ರ ಹೇಳಿದ್ದು ನಿಜವಾದ ಆಳ. 2 ಮಾತ್ರ ಹೆಚ್ಚಿದರೆ ವಸ್ತು ದೊಡ್ಡದು, ಮೊದಲ ಅಂಕಿಯನ್ನು ಎರಡರಿಂದ ಗುಣಿಸಬೇಕು. ನಿಮ್ಮ ಬಾವಿಕಟ್ಟೆಯ ಪಕ್ಕದಲ್ಲಿ ಹೀಗೆ ಮಾಡಿದ್ದರೆ ಒಂದೂವರೆಯಷ್ಟೂ ಹೆಚ್ಚುತ್ತಿರಲಿಲ್ಲ.

ಮಲ್ಪೆಯಿಂದ:

ಮೇಲಿನವರು ಹೇಳಿದ್ದು ಮಣ್ಣಿಗೆ ಸರಿ, ಕಡಲ ಬದಿಯ ಕಥೆಯೇ ಬೇರೆ. ಒಣ ಮರಳಿನಲ್ಲಿ ಯಂತ್ರ ಎಷ್ಟು ವಿಧೇಯವಾಗಿರುತ್ತದೆಯೋ, ತೆರೆ ಬಂದು ಹೋಗುವ ಒದ್ದೆ ಮರಳಿನಲ್ಲಿ ಅಷ್ಟೇ ಹಠ ಹಿಡಿಯುತ್ತದೆ. ಉಪ್ಪುನೀರು ಸ್ವತಃ ವಿದ್ಯುತ್ ವಾಹಕವಾದ್ದರಿಂದ ಅದೂ ಒಂದು ಲೋಹವೆಂಬಂತೆ ಕೂಗುತ್ತದೆ. ಒಂದೇ ಆವರ್ತನದ ಯಂತ್ರದಲ್ಲಿ ಸೂಕ್ಷ್ಮತೆಯನ್ನು ತಗ್ಗಿಸದೆ ಬೇರೆ ದಾರಿಯಿಲ್ಲ. ಆಳದ ಅಂಕಿ ಸರಿಯೇ ಎಂದು ಪರೀಕ್ಷಿಸುವುದೂ ಇಲ್ಲಿ ಕಷ್ಟ, ಏಕೆಂದರೆ ಅಗೆದಂತೆ ಗುಂಡಿಯ ಬದಿ ಕುಸಿದು ನಾಣ್ಯವೂ ಕೆಳಗೆ ಜಾರುತ್ತದೆ. ಮೂರು ವರ್ಷ ಹುಡುಕಿದ ಮೇಲೂ ನಾನು ಇಲ್ಲಿನ ಅಂಕಿಯನ್ನು ‘ಮೇಲೆ’, ‘ನಡುವೆ’, ‘ಕೆಳಗೆ’ ಎಂದು ಮಾತ್ರ ಓದುತ್ತೇನೆ.

ಇನ್ನೊಂದು ವಿಚಾರ. 1992ರಿಂದೀಚಿನ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದು. ಕಬ್ಬಿಣ ಬೇಡವೆಂದು ಯಂತ್ರಕ್ಕೆ ಹೇಳಿಟ್ಟಿದ್ದರೆ ಅದು ಎರಡೇ ಇಂಚು ಕೆಳಗಿದ್ದರೂ ಯಂತ್ರ ಸುಮ್ಮನಿರಬಹುದು. ಆಳದ ಪರೀಕ್ಷೆಗೆ ಜೇಬಿನಲ್ಲಿರುವ ರೂಪಾಯಿಯನ್ನು ಹೂತು, ಯಂತ್ರವನ್ನು ಬೈದವರಲ್ಲಿ ನಾನೂ ಒಬ್ಬ.

ಬಾರ್ಕೂರಿನ ಸಮೀಪದಿಂದ:

ಸ್ವಂತ ಜಾಗವಾದರೂ ಒಂದು ಮಾತು. ದೊಡ್ಡ ವಸ್ತು ಆಳದಲ್ಲಿದೆ ಎಂದು ಮರದ ತುಂಡಿನ ಪರೀಕ್ಷೆ ತೋರಿಸಿದರೆ ಪಿಕ್ಕಾಸು ಎತ್ತುವ ಮೊದಲು ನಿಧಿ ಕಾಯ್ದೆಯನ್ನು ನೆನಪಿಸಿಕೊಳ್ಳಿ. ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದರಲ್ಲಿದೆ. ಅಳುಪರ ರಾಜಧಾನಿಯಾಗಿದ್ದ ನಮ್ಮ ಊರಿನಲ್ಲಂತೂ ನಾನು ಯಂತ್ರವನ್ನು ಮನೆಯಂಗಳದಿಂದ ಹೊರಗೆ ಒಯ್ಯುವುದಿಲ್ಲ.

ಬ್ರಹ್ಮಾವರದಿಂದ, ಮತ್ತೆ:

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ತೆಂಗಿನ ಬುಡದಲ್ಲಿ ಅಂಕಿ 5 ಎಂದಿತು, 4 ಇಂಚಿನ ಹಲಸಿನ ತುಂಡನ್ನು ಇಟ್ಟಾಗ 10. 4ರ ಬದಲು 5 ಹೆಚ್ಚಿತು, ಅಂದರೆ ವಸ್ತು ಸಣ್ಣದು, ಆಳ ಮೊದಲ ಅಂಕಿಯ ಐದರಲ್ಲಿ ನಾಲ್ಕು ಪಾಲು, ನಾಲ್ಕರ ಆಸುಪಾಸು. ಕೈಗುದ್ದಲಿಯಲ್ಲಿ ಅಗೆದಾಗ ಮೂರೂವರೆ ಇಂಚಿನಲ್ಲಿ, ಬೇರಿನ ಸಂದಿಯಲ್ಲಿ ಓರೆಯಾಗಿ ಸಿಕ್ಕಿಕೊಂಡಿದ್ದ ಸವೆದ ಎರಡಾಣೆಯೊಂದು ಸಿಕ್ಕಿತು. ಇಸವಿ ಓದಲು ಬರುತ್ತಿಲ್ಲ.