ಸರ್ಜರಿ ಕಡೆ ಹೋಗಬೇಕು, ಈಗಿಂದಲೇ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಫೈನಲ್ ಇಯರ್ ಹುಡುಗ: ಎಂಬಿಬಿಎಸ್ ಕೊನೇ ವರ್ಷ, ಸರ್ಕಾರಿ ಕಾಲೇಜು. ಸರ್ಜರಿ ಬಿಟ್ಟು ಬೇರೆ ಏನೂ ಬೇಡ ಅನಿಸಿದೆ. ಎರಡು ಅನುಮಾನ. ಹೊಲಿಗೆ ಹಾಕುವಾಗ ಬಲಗೈ ಸ್ವಲ್ಪ ನಡುಗುತ್ತೆ, ಹೋಗುತ್ತಾ? ಮೆಡಿಕಲ್ ಕಾಲೇಜಿನ ಎಂಎಸ್ಸೇ (ಸರ್ಜರಿ ಪಿಜಿ ಡಿಗ್ರಿ) ಬೇಕಾ, ಆಸ್ಪತ್ರೆಗಳಲ್ಲಿ ಮಾಡೋ ಡಿಎನ್‌ಬಿ ಆದರೂ ನಡೆಯುತ್ತಾ?

ರೇಷ್ಮೆದಾರ: ಮೊದಲು ಗಂಟು ಕಲೀರಿ, ಮಿಕ್ಕಿದ್ದು ಆಮೇಲೆ. ಒಟಿ (ಆಪರೇಷನ್ ಥಿಯೇಟರ್) ಸಿಸ್ಟರ್ ಹತ್ರ ಅವಧಿ ಮೀರಿದ 1-0 ಸಿಲ್ಕ್ (ರೇಷ್ಮೆ ಹೊಲಿಗೆ ದಾರ) ಕೇಳಿ, ಕುರ್ಚಿ ಕೈಗೆ ಕಟ್ಟಿ ಕೂತ್ಕೊಳ್ಳಿ. ಎರಡು ಕೈಯ ರೀಫ್ ನಾಟ್ (ಎರಡು ಸುತ್ತು ಎದುರುಬದುರು ದಿಕ್ಕಿಗೆ ಹಾಕೋ ಗಂಟು) ಕೈಗೆ ಹತ್ತಿದ ಮೇಲಷ್ಟೇ ಒಂದು ಕೈಯದು. ಎರಡೂ ಸುತ್ತು ಒಂದೇ ದಿಕ್ಕಿಗೆ ಹೋದರೆ ಗ್ರ್ಯಾನಿ ಗಂಟು ಆಗುತ್ತೆ, ಜಾರುತ್ತೆ. ದಿಕ್ಕು ಸರಿ ಇದ್ದೂ ಒಂದು ಎಳೆ ಹೆಚ್ಚು ಬಿಗಿ ಎಳೆದರೆ ಅದೂ ಜಾರುಗಂಟೇ. ಸಿಲ್ಕ್‌ಗೆ ಮೂರು ಸುತ್ತು ಸಾಕು. ಪ್ರೋಲೀನ್ (ನುಣುಪು ಪ್ಲಾಸ್ಟಿಕ್ ದಾರ) ಸುರುಳಿ ಬಿಚ್ಚಿಕೊಳ್ಳೋ ಜಾತಿ, ಐದಾರು ಬೇಕು. ಆಮೇಲೆ ಗ್ಲೌಸ್ ಹಾಕಿ, ಸೋಪು ನೀರಲ್ಲಿ ಅದ್ದಿ, ಉದ್ದ ಲೋಟದ ತಳದಲ್ಲಿರೋ ಕೊಕ್ಕೆಗೆ ಕಟ್ಟಿ. ಕೊಕ್ಕೆ ಮೇಲೆದ್ದರೆ ಹೊಟ್ಟೆಯೊಳಗೆ ರಕ್ತನಾಳ ಕಿತ್ತು ಬಂದ ಹಾಗೆ.

ಹೊಲಿಗೆಗೆ ಚರ್ಮ ಸಮೇತ ಕೋಳಿ ತೊಡೆ, 3-0 ದಾರದ ಕಟಿಂಗ್ ಸೂಜಿ. ಮೊನೆಯಿಂದ ಮೂರನೇ ಎರಡು ಭಾಗದಲ್ಲಿ ಹಿಡೀರಿ, ಚರ್ಮಕ್ಕೆ ನೇರ 90 ಡಿಗ್ರಿ ಚುಚ್ಚಿ ಮಣಿಕಟ್ಟು ತಿರುಗಿಸಿ. ಸೂಜಿ ಬಗ್ಗಿತು ಅಂದ್ರೆ ತಿರುಗಿಸ್ತಿಲ್ಲ, ತಳ್ತಿದ್ದೀರಿ.

ಡಿಎನ್‌ಬಿ ಮೇಡಂ: ಡಿಎನ್‌ಬಿ "ಆದರೂ" ಅಂತೆ! ಎರಡಕ್ಕೂ ಪ್ರವೇಶ ಪರೀಕ್ಷೆ ನೀಟ್ ಪಿಜಿ ಒಂದೇ, ಅವೇ 200 ಪ್ರಶ್ನೆ, 800 ಅಂಕ, ತಪ್ಪಿಗೆ ಅದೇ ಮೈನಸ್ ಒಂದು. ಎನ್‌ಬಿಇಎಂಎಸ್ (ಡಿಎನ್‌ಬಿ ನಡೆಸೋ ಮಂಡಳಿ) ಶುಲ್ಕ ವರ್ಷಕ್ಕೆ 1.25 ಲಕ್ಷ, ಅದನ್ನ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಪಕ್ಕ ಇಟ್ಟು ನೋಡಿ. ನ್ಯೂರೋ, ಹೃದಯ, ಪ್ಲಾಸ್ಟಿಕ್, ಮಕ್ಕಳ ಸರ್ಜರಿ ಬೇಕಾದರೆ ಎಂಬಿಬಿಎಸ್ ಆದ ಮೇಲೆ ನೇರ ಆರು ವರ್ಷದ ಡಿಆರ್‌ಎನ್‌ಬಿ (ಸೂಪರ್ ಸ್ಪೆಷಾಲಿಟಿ ಡಿಗ್ರಿ) ಇದೆ. ಇಲ್ಲದಿದ್ದರೆ ಮೂರು ವರ್ಷ ಎಂಎಸ್, ಮತ್ತೆ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ ಎಂಸಿಎಚ್ ಅನ್ನೋ ಸೂಪರ್ ಸ್ಪೆಷಾಲಿಟಿ ಡಿಗ್ರಿ.

ಹುಬ್ಬಳ್ಳಿ ಕಡೆಯಾಂವ: ಮೇಡಂ, ಶುಲ್ಕ ಹೇಳಿದ್ರಿ, ಕೈಗೆ ಎಷ್ಟ ಕೇಸ್ ಸಿಗ್ತಾವ ಅದನ್ನ ಹೇಳ್ರಿ. ಕಾರ್ಪೊರೇಟ್ ಆಸ್ಪತ್ರ್ಯಾಗ ರೊಕ್ಕಾ ಕೊಟ್ಟ ಪೇಶೆಂಟಿಗೆ ಕನ್ಸಲ್ಟಂಟೇ ಕೈ ಹಾಕ್ತಾರ, ರೆಸಿಡೆಂಟ್ (ಪಿಜಿ ಓದೂ ಡಾಕ್ಟರ್) ರಿಟ್ರ್ಯಾಕ್ಟರ್ (ಗಾಯ ಅಗಲಿಸಿ ಹಿಡಿಯೂ ಸಲಕರಣೆ) ಹಿಡದ ನಿಂದ್ರೂದು. ಸರ್ಕಾರಿ ದವಾಖಾನ್ಯಾಗ ಹರ್ನಿಯಾ, ಅಪೆಂಡಿಕ್ಸ್, ಡಯಾಬಿಟಿಕ್ ಕಾಲು ಸಾಲಾಗಿ ಬರ್ತಾವ. ತಮ್ಮಾ, ಎಂಎಸ್‌ನ್ಯಾಗ ಹುಡುಗ್ರು ಎಡವೂದು ಥಿಸೀಸ್‌ನ್ಯಾಗ. ರಾಜೀವ್ ಗಾಂಧಿ ವಿವಿಗೆ ಸಿನಾಪ್ಸಿಸ್ (ಥಿಸೀಸಿನ ಯೋಜನಾ) ಮೊದಲ ಆರು ತಿಂಗಳದಾಗ ಹೋಗಬೇಕು, ಅದಕೂ ಮೊದಲ ಎಥಿಕ್ಸ್ ಕಮಿಟಿ ಸಹಿ. ಅದು ತಡಾ ಆತಂದ್ರ ಕೇಸ್ ಕೂಡಸಾಕ ಟೈಮೇ ಉಳ್ಯಂಗಿಲ್ಲ. ಅದರ ನಡುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ, ಅಂದ್ರ ಜಿಲ್ಲಾ ಆಸ್ಪತ್ರ್ಯಾಗ ಕೆಲಸ. ಅಪರೂಪದ ರೋಗದ ಮ್ಯಾಲ ಟಾಪಿಕ್ ತಗೋಬ್ಯಾಡ, ಹರ್ನಿಯಾಕ್ಕ ಹಾಕೂ ಮೆಶ್ (ಜಾಳಿಗಿ) ಅಂಥದ್ದು ತಗೋ.

ಡಿಎನ್‌ಬಿ ಮೇಡಂ: ಎಲ್ಲಾ ಡಿಎನ್‌ಬಿ ಸೀಟೂ ಕಾರ್ಪೊರೇಟ್ ಅಂತ ಯಾರು ಹೇಳಿದ್ದು ಸರ್? ಜಿಲ್ಲಾ ಆಸ್ಪತ್ರೆಗಳಲ್ಲೂ ಇವೆ. ಕೌನ್ಸೆಲಿಂಗ್‌ಗೆ ಮುಂಚೆ ಆ ಆಸ್ಪತ್ರೆಯ ರೆಸಿಡೆಂಟ್ ಹತ್ರ ಲಾಗ್‌ಬುಕ್ (ಮಾಡಿದ ಕೇಸುಗಳ ದಾಖಲೆ) ನೋಡೋಕೆ ಕೇಳಬೇಕು. "ಅಸಿಸ್ಟೆಡ್" ಕಾಲಮ್ ತುಂಬಿ "ಪರ್ಫಾರ್ಮ್ಡ್" ಖಾಲಿ ಇದ್ದರೆ ಆ ಸೀಟು ಬಿಡಿ. ಎಂಎಸ್‌ಗೂ ಇದೇ ಮಾತು. ಇನ್ನು ಕಡ್ಡಾಯ ಸೇವೆ ವಿಷಯ ಯಾಕೆ ನುಂಗಿದ್ರಿ? ಕರ್ನಾಟಕದ 2012ರ ಕಾಯ್ದೆಯಲ್ಲಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಸರ್ಕಾರಿ ಆಸ್ಪತ್ರೆ ಸೇವೆ, ತಪ್ಪಿಸಿದರೆ ದಂಡ 15ರಿಂದ 30 ಲಕ್ಷ.

ಹುಬ್ಬಳ್ಳಿ ಕಡೆಯಾಂವ: 2023ಕ್ಕ ತಿದ್ದುಪಡಿ ಆಗೇತ್ರಿ. ಖಾಲಿ ಹುದ್ದೆ ಇದ್ದಷ್ಟ ಮಂದಿಗೆ ಮಾತ್ರ ಅದು. ಪೂರಾ ಓದ್ರಿ.

ರೇಷ್ಮೆದಾರ: ಇಬ್ಬರೂ ಬಿಡಿ. ಹೊಟ್ಟೆ ತೆರೆಯೋನು ಸರ್ಜನ್. ಕಣ್ಣು, ಕಿವಿ ಸೀಟಿಗೆ ಹೋಗಿ "ನಾನೂ ಸರ್ಜನ್" ಅನ್ನೋರ ಮಾತಿಗೆ ಮರುಳಾಗಬೇಡಿ ಅಂತ ಅಷ್ಟೇ ಹೇಳೋದು.

ಕಣ್ಣಿನವಳು: ಕ್ಯಾಟರ್ಯಾಕ್ಟ್ ಆಪರೇಷನ್ ಗೊತ್ತಾ? ಕಣ್ಣಿನ ಲೆನ್ಸಿನ ಹಿಂಬದಿ ಪೊರೆ ನಟ್ಟನಡುವೆ ಸುಮಾರು 4 ಮೈಕ್ರಾನ್ ದಪ್ಪ, ಹರಿದರೆ ಕಣ್ಣೊಳಗಿನ ಜೆಲ್ಲಿ ಮುಂದೆ ಬರುತ್ತೆ. ಮುಂಬದಿ ಪೊರೆಯನ್ನ 5ರಿಂದ 5.5 ಮಿ.ಮೀ. ದುಂಡಗೆ ಹರಿದು ತೋರಿಸಿ, ಆಮೇಲೆ ಮಾತಾಡೋಣ. ನಾವು ಮೇಕೆ ಕಣ್ಣಲ್ಲಿ ಕಲಿಯೋದು, ನಿಮ್ಮ ಕೋಳಿ ತೊಡೆ ಸಾರಿಗೇ ಸರಿ.

ಕ್ಯಾಶುವಾಲ್ಟಿ: ಜಗಳ ಆಡ್ತಾ ಹುಡುಗನಿಗೆ ಬೇಕಾದ್ದೇ ಬಿಟ್ಟಿರಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ (0, 1, 6 ತಿಂಗಳು) ಆಗಿದೆಯಾ? ಕೊನೇದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಟೈಟರ್ (ಮಟ್ಟ) ನೋಡಿಸಿ, 10 mIU/ml ಗಿಂತ ಕಡಿಮೆ ಇದ್ದರೆ ರಕ್ಷಣೆ ಸಾಲದು. ಸೂಜಿ ಚುಚ್ಚಿದರೆ ಹಿಂಡಬೇಡಿ. ಸೋಪು ಹಾಕಿ, ಹರಿಯೋ ನೀರಲ್ಲಿ ತೊಳೆದು ಅವತ್ತೇ ವರದಿ ಮಾಡಿ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೇದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. 28 ದಿನ ತಪ್ಪಿಸಬಾರದು. ಪ್ರೊಫೆಸರ್ ಬೈತಾರೆ ಅಂತ ಮುಚ್ಚಿಡೋರೇ ಹೆಚ್ಚು.

ಫೈನಲ್ ಇಯರ್ ಹುಡುಗ: ಥ್ಯಾಂಕ್ಸ್. ಕೈ ನಡುಕದ ಬಗ್ಗೆ ಯಾರೂ ಹೇಳಲೇ ಇಲ್ಲ…

ಕಣ್ಣಿನವಳು: ಎಲ್ಲರಿಗೂ ಸ್ವಲ್ಪ ನಡುಗುತ್ತೆ. ಗಾಳಿಯಲ್ಲಿ ಕೈ ಇಟ್ಟರೆ ಜಾಸ್ತಿ, ಹಾಗಾಗಿ ಮೊಣಕೈ ಪಕ್ಕೆಗೆ ತಾಗಲಿ, ಕಿರುಬೆರಳು ರೋಗಿಯ ಮೇಲೋ ಡ್ರೇಪ್ (ರೋಗಿಗೆ ಹೊದಿಸಿದ ಬಟ್ಟೆ) ಮೇಲೋ ಊರಿರಲಿ. ನೀಡಲ್ ಹೋಲ್ಡರನ್ನ (ಸೂಜಿ ಹಿಡಿಯೋ ಸಲಕರಣೆ) ಬಿಗಿ ಹಿಡಿದಷ್ಟೂ ನಡುಗೋದು, ಸಡಿಲ ಬಿಡಿ. ಒಟಿಗೆ ಮುಂಚೆ ಕಾಫಿ ಬೇಡ, ಹಸಿದುಕೊಂಡೂ ಹೋಗಬೇಡಿ. ಯಾರೋ ಹೇಳಿದರು ಅಂತ ಪ್ರೊಪ್ರನಲಾಲ್ (ನಡುಕ ತಗ್ಗಿಸೋ ಮಾತ್ರೆ) ನುಂಗಬೇಡಿ, ಆಸ್ತಮಾ ಇದ್ದರಂತೂ ಅಪಾಯ. ಸುಮ್ಮನೆ ಕೂತಾಗಲೂ ನಡುಗುತ್ತಿದ್ದರೆ ಮೆಡಿಸಿನ್‌ನವರಿಗೆ ತೋರಿಸಿ, ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಮಾಡಿಸಿ.

ರೇಷ್ಮೆದಾರ: ಕಿರುಬೆರಳು ಊರೋದು ಕಣ್ಣಿಗೆ ಸರಿ. ಪೆಲ್ವಿಸ್ (ಕಿಬ್ಬೊಟ್ಟೆ) ಆಳದಲ್ಲಿ ಎಲ್ಲಿ ಊರ್ತೀರಿ?