ವಿದೇಶಿ ಭಾಷೆಗಳ ಉಚಿತ ಕಲಿಕೆ: ಕಾಸರಗೋಡಿನ ಕನ್ನಡಿಗರ ಗುಂಪಿನಲ್ಲಿ ಜರ್ಮನ್ ಶಿಕ್ಷಕಿಯೊಡನೆ ಪ್ರಶ್ನೋತ್ತರ

ಸದಸ್ಯೆ, ಪೆರ್ಲ: ನಮಸ್ಕಾರ ಟೀಚರ್. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದೇನೆ. ಹತ್ತನೆಯ ತನಕ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಡ್ಯುವೋಲಿಂಗೋದಲ್ಲಿ ಜರ್ಮನ್ ಅಭ್ಯಾಸ ಮಾಡಿದ್ದರಿಂದ ಬರೆದ ವಾಕ್ಯ ತಿಳಿಯುತ್ತದೆ, ಆದರೆ ಯಾರಾದರೂ ಮಾತನಾಡಿದರೆ ಏನೂ ತಿಳಿಯುವುದಿಲ್ಲ. ಏಜೆಂಟರೊಬ್ಬರು ಮೂರು ತಿಂಗಳಲ್ಲಿ ಜರ್ಮನಿನ ಬಿ2 ಮಟ್ಟ (ಎ1ರಿಂದ ಸಿ2ರ ತನಕದ ಆರು ಮಟ್ಟಗಳಲ್ಲಿ ನಾಲ್ಕನೆಯದು) ಮಾಡಿಸುವೆನೆಂದು ಮುಂಗಡ ಕೇಳುತ್ತಿದ್ದಾರೆ. ಏನು ಮಾಡಲಿ?

ಶಿಕ್ಷಕಿ: ಮುಂಗಡ ಕೊಡಬೇಡಿ. ಡ್ಯೂಟಿಯ ನಡುವೆ ಕಲಿಯುವವರಿಗೆ ಮೂರು ತಿಂಗಳಲ್ಲಿ ಬಿ2 ಎಂಬ ಮಾತನ್ನು ನಾನು ನಂಬುವುದಿಲ್ಲ. ಮೊದಲು ಕೇರಳ ಸರಕಾರದ ಅನಿವಾಸಿ ಕೇರಳೀಯರ ಸಂಸ್ಥೆಯಾದ ನೋರ್ಕಾ ರೂಟ್ಸ್‌ನಲ್ಲಿ ವಿಚಾರಿಸಿ. ಜರ್ಮನಿಗೆ ನರ್ಸ್‌ಗಳನ್ನು ಕಳುಹಿಸುವ ಅವರ ಟ್ರಿಪಲ್ ವಿನ್ ಯೋಜನೆಗೆ ಆಯ್ಕೆಯಾದ ನರ್ಸ್‌ಗಳಿಗೆ ಬಿ1 ತನಕದ ಜರ್ಮನ್ ತರಬೇತಿ ಉಚಿತ.

ನಿಮ್ಮ ತೊಂದರೆ ಕಿವಿಯದ್ದು. ಆ್ಯಪ್‌ನಲ್ಲಿ ಎದುರಿಗಿರುವ ಪದಗಳನ್ನು ಜೋಡಿಸಿದರೆ ಸಾಕಾಗುತ್ತದೆ, ವಾರ್ಡಿನಲ್ಲಿ ರೋಗಿ ಪದಗಳನ್ನು ಹಾಗೆ ಎದುರಿಗಿಡುವುದಿಲ್ಲ. ಜರ್ಮನಿಯ ಪ್ರಸಾರ ಸಂಸ್ಥೆಯಾದ ಡಾಯ್ಚೆ ವೆಲ್ಲೆಯ ‘ನಿಕೋಸ್ ವೇಗ್’ ಎಂಬ ವಿಡಿಯೊ ಪಾಠಮಾಲೆ ಎ1ರಿಂದ ಬಿ1ರ ತನಕ ಸಂಪೂರ್ಣ ಉಚಿತವಾಗಿದೆ. ಅದರ ಒಂದು ಕಂತನ್ನು ಮೊದಲು ಬರಹ ನೋಡದೆ ಕೇಳಿ, ಕೇಳಿಸಿದಷ್ಟನ್ನು ಬರೆದು, ಆಮೇಲೆ ಪಠ್ಯದೊಡನೆ ಹೋಲಿಸಿ, ಕೊನೆಗೆ ನಟರ ಜತೆಗೇ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿರಿ. ನಾಮಪದವನ್ನು ಅದರ ಲಿಂಗ ತೋರಿಸುವ ಡೇರ್, ಡೀ, ಡಾಸ್ ಸಹಿತವಾಗಿಯೇ ಬಾಯಿಪಾಠ ಮಾಡಿ. ವ್ಯಾಕರಣದ ಅಭ್ಯಾಸಕ್ಕೆ ಜರ್ಮನಿಯ ವಯಸ್ಕರ ಶಿಕ್ಷಣ ಕೇಂದ್ರಗಳ ಉಚಿತ ಜಾಲತಾಣ ಫಾವ್-ಹಾ-ಎಸ್ (vhs) ಲೆರ್ನ್‌ಪೋರ್ಟಾಲ್ ಇದೆ. ಬಿ1 ಹತ್ತಿರವಾದಾಗ ಡಾಯ್ಚೆ ವೆಲ್ಲೆಯವರು ನಿಧಾನವಾಗಿ ಓದುವ ವಾರ್ತೆಗಳನ್ನು ಕೇಳಿ, ಪಠ್ಯವೂ ಜತೆಗಿರುತ್ತದೆ. ಮಾದರಿ ಪ್ರಶ್ನಪತ್ರಿಕೆಗಳು ಜರ್ಮನ್ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟಿನ ಜಾಲತಾಣದಲ್ಲಿ ದೊರೆಯುತ್ತವೆ.

ಪರೀಕ್ಷೆ ಮಾತ್ರ ಉಚಿತವಲ್ಲ. ಏಜೆಂಟರು ಕೇಳಿದ ಹಣವನ್ನು ಅದಕ್ಕೆಂದು ತೆಗೆದಿಡಿ. ಗೋಥೆ ಬಿ1ರಲ್ಲಿ ಓದು, ಆಲಿಸುವಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿದ್ದು, ಪ್ರತಿಯೊಂದರಲ್ಲೂ 100ರಲ್ಲಿ 60 ಅಂಕ ಬೇಕು. ಬೇರೆ ಬೇರೆಯಾಗಿಯೂ ಬರೆಯಬಹುದು. ಬರಹವನ್ನು ತಿದ್ದಲು ಮಾತ್ರ ಒಬ್ಬ ಮನುಷ್ಯರು ಬೇಕೇ ಬೇಕು. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಳಸಿ, ಜರ್ಮನ್ ಏಕೆ ಕಲಿಯುತ್ತೀರೆಂದು ಇಲ್ಲಿ ಬರೆಯಿರಿ, ನೋಡುತ್ತೇನೆ.

ಸದಸ್ಯ, ಮಂಜೇಶ್ವರ: ಜರ್ಮನ್‌ಗೆ ಯಾವ ಆ್ಯಪ್ ಒಳ್ಳೆಯದು?

ಶಿಕ್ಷಕಿ: ಮೇಲಿನ ಉತ್ತರವನ್ನು ಓದಿ.

ಸದಸ್ಯೆ, ಕುಂಬಳೆ: ಟೀಚರ್, ಮಗಳಿಗೆ ಕೊರಿಯನ್ ಕಲಿಯಬೇಕಂತೆ. ಉಚಿತ ಪಾಠಗಳಿವೆಯೇ?

ಸದಸ್ಯ, ಉಪ್ಪಳ: ದುಬೈಗೆ ಹೋಗುವವನಿದ್ದೇನೆ. ಅರಬ್ಬಿಗೆ ಏನಿದೆ?

ಶಿಕ್ಷಕಿ: ಅಲ್ ಜಜೀರಾದವರ ಅರಬ್ಬಿ ಕಲಿಕೆಯ ತಾಣ ಉಚಿತ. ಆದರೆ ಅದು ವಾರ್ತೆ, ಪುಸ್ತಕಗಳ ಅರಬ್ಬಿ. ಅಂಗಡಿಯ ಮಾತು ಬೇರೆ.

ಸದಸ್ಯ, ಬದಿಯಡ್ಕ: ಇದನ್ನು ಎಲ್ಲರೂ ಓದಿ. ಮಲಗುವಾಗ ಇಯರ್‌ಫೋನ್‌ನಲ್ಲಿ ಕೇಳಿದರೆ 30 ದಿನಗಳಲ್ಲಿ ಯಾವ ಭಾಷೆಯೂ ಬರುತ್ತದಂತೆ. ಕೆಳಗಿನ ಆ್ಯಪ್ ಇನ್‌ಸ್ಟಾಲ್ ಮಾಡಿ, ಪಾಸ್‌ಪೋರ್ಟ್ ಪ್ರತಿ ಕಳುಹಿಸಿದರೆ ಕೋರ್ಸ್ ಉಚಿತ.

ಶಿಕ್ಷಕಿ: ಅಣ್ಣಾ, ಇದನ್ನು ಈಗಲೇ ಅಳಿಸಿ. ನಿದ್ರೆಯಲ್ಲಿ ಯಾರಿಗೂ ಹೊಸ ಭಾಷೆ ಬಂದದ್ದಿಲ್ಲ. ಪಾಠ ಹೇಳಲು ಪಾಸ್‌ಪೋರ್ಟ್ ಏಕೆ ಬೇಕೆಂದು ಯೋಚಿಸದೆ, ವಿದೇಶದ ಕೆಲಸಕ್ಕಾಗಿ ಕಾದಿರುವ ಮಕ್ಕಳಿರುವ ಗುಂಪಿಗೆ ಇಂಥದ್ದನ್ನು ಹಾಕುವುದು ಅಪಾಯಕಾರಿ. ಪ್ಲೇ ಸ್ಟೋರಿನ ಹೊರಗಿನ ಆ್ಯಪ್‌ಗಳನ್ನು ಯಾರೂ ಇನ್‌ಸ್ಟಾಲ್ ಮಾಡಬಾರದು.

ಸದಸ್ಯ, ಬದಿಯಡ್ಕ: ಬಂದದ್ದನ್ನು ಕಳುಹಿಸಿದೆ, ಅಷ್ಟೆ.

ಸದಸ್ಯ, ಮುಳ್ಳೇರಿಯ: ಯೂಟ್ಯೂಬಿನಲ್ಲಿ ಮಲಯಾಳದ ಜರ್ಮನ್ ಪಾಠಗಳು ಬೇಕಾದಷ್ಟಿವೆ. ಅವನ್ನೇ ನೋಡಬಹುದಲ್ಲ?

ಸದಸ್ಯ, ನೀರ್ಚಾಲು: ಎಲ್ಲದಕ್ಕೂ ಮಲಯಾಳವೇ ಎಂದರೆ ನಮ್ಮ ಮಕ್ಕಳು ಕನ್ನಡ ಶಾಲೆಗೆ ಹೋಗುವುದೇಕೆ? ಕನ್ನಡದಲ್ಲಿ ಪಾಠ ಮಾಡುವಂತೆ ಒತ್ತಾಯಿಸಬೇಕು.

ಸದಸ್ಯ, ಮುಳ್ಳೇರಿಯ: ಒತ್ತಾಯಿಸಿ, ಬೇಡವೆಂದವರು ಯಾರು? ಅಷ್ಟರ ತನಕ ಆ ಹುಡುಗಿ ಕಾಯಬೇಕೇ?

ಸದಸ್ಯ, ನೀರ್ಚಾಲು: ನಿಮ್ಮಂಥವರು ಹೀಗೆ ಹೇಳುತ್ತಲೇ ಬಂದದ್ದರಿಂದ ಈ ಗತಿ.

ಸದಸ್ಯೆ, ಕುಂಬಳೆ: ಕೊರಿಯನ್ ಬಗ್ಗೆ ಕೇಳಿದ್ದೆ.

ಶಿಕ್ಷಕಿ: ಇಬ್ಬರೂ ನಿಲ್ಲಿಸಿ. ತಿಳಿಯುವ ಯಾವ ಭಾಷೆಯ ವಿವರಣೆಯೂ ಆಗಬಹುದು. ಕನ್ನಡದಲ್ಲಿಯೂ ಬರಬೇಕೆಂಬುದು ನನ್ನ ಆಸೆ ಕೂಡ. ಆದರೆ ಇದು ಕಲಿಯುವವರ ಪ್ರಶ್ನೆಗಳಿಗಾಗಿ ಇಟ್ಟ ಜಾಗ.

ಸದಸ್ಯ, ಮಂಜೇಶ್ವರ: ಆ್ಯಪ್‌ನ ಹೆಸರನ್ನಾದರೂ ಹೇಳಬಾರದೇ?

ಶಿಕ್ಷಕಿ: ಹೇಳಿಯಾಗಿದೆ.

ಸದಸ್ಯೆ, ಪೆರ್ಲ: ಜರ್ಮನಿಯಲ್ಲಿ ಕೆಲಸ ಮಾಡುವ ಆಸೆಯಿಂದ ಜರ್ಮನ್ ಕಲಿಯುತ್ತಿದ್ದೇನೆಂದು ಬರೆದಿದ್ದೇನೆ ಟೀಚರ್. ‘ಇಖ್ ಲೆರ್ನೆ ಡಾಯ್ಚ್, ವೈಲ್ ಇಖ್ ಮ್ಯೋಖ್ಟೆ ಇನ್ ಡಾಯ್ಚ್‌ಲಾಂಟ್ ಆರ್ಬೈಟನ್.’

ಶಿಕ್ಷಕಿ: ಪದಗಳೆಲ್ಲ ಸರಿ, ಸ್ಥಾನ ತಪ್ಪಿದೆ. ‘ವೈಲ್’ ಬಂದರೆ ರೂಪ ಬದಲಾಗುವ ಕ್ರಿಯಾಪದ (ಇಲ್ಲಿ ‘ಮ್ಯೋಖ್ಟೆ’) ಕೊನೆಗೆ ಹೋಗಬೇಕು: ‘ವೈಲ್ ಇಖ್ ಇನ್ ಡಾಯ್ಚ್‌ಲಾಂಟ್ ಆರ್ಬೈಟನ್ ಮ್ಯೋಖ್ಟೆ.’ ಇಂಗ್ಲಿಷಿನ ಕ್ರಮವನ್ನು ಬಿಡಿ; ಕ್ರಿಯಾಪದವನ್ನು ಕೊನೆಗಿಡುವುದು ಕನ್ನಡದವರಿಗೆ ಹುಟ್ಟಿನಿಂದಲೇ ರೂಢಿ. ಹೀಗೆಯೇ ಇನ್ನೂ ಐದು ವಾಕ್ಯಗಳನ್ನು ಬರೆದು, ಓದಿ ರೆಕಾರ್ಡ್ ಮಾಡಿ, ಎರಡನ್ನೂ ನನಗೆ ಕಳುಹಿಸಿ.